ಹಿಮ್ಮೇಳವನ್ನು ಗೇಮ್ ಒಳಗೆ ತರುವುದು: ಯಕ್ಷಗಾನದ ತೆಂಕುತಿಟ್ಟಿನ ದಾರಿಯಲ್ಲಿ ವೀಡಿಯೊ ಗೇಮ್ ಸಂಗೀತ ಕಟ್ಟುವ ಸಮಗ್ರ ಮಾರ್ಗದರ್ಶಿ

ಕಾಸರಗೋಡಿನ ಕುಂಬಳೆ ಕಡೆಯ ಯಾವುದಾದರೂ ಯಕ್ಷಗಾನದ ಆಟಕ್ಕೆ ಹೋದಾಗ ಒಂದು ಗಂಟೆ ವೇಷವನ್ನು ನೋಡಬೇಡಿ. ಚೆಂಡೆಯವರನ್ನು ನೋಡಿ. ಅವರ ಕಣ್ಣು ವೇಷಧಾರಿಯ ಕಾಲಿನ ಮೇಲಿರುತ್ತದೆ. ವೇಷ ಇನ್ನೊಂದು ಸುತ್ತು ಹಾಕಿದರೆ ಚೆಂಡೆಯೂ ಇನ್ನೊಂದು ಸುತ್ತು ಹೋಗುತ್ತದೆ. ವೇಷ ನಿಲ್ಲುವ ಸೂಚನೆ ಕೊಟ್ಟಿತೋ, ಮುಕ್ತಾಯ, ಅಂದರೆ ಮುಗಿಸುವ ಪೆಟ್ಟುಗಳ ಸಾಲು, ಬಿತ್ತು. ಆಮೇಲೆ ಅರ್ಥ, ಅಂದರೆ ಪಾತ್ರಗಳ ಮಾತು, ಶುರು. ಅದು ಐದು ನಿಮಿಷವೋ ಇಪ್ಪತ್ತು ನಿಮಿಷವೋ, ಆಡುವವರಿಗೇ ಮೊದಲು ಗೊತ್ತಿರುವುದಿಲ್ಲ. ಹಿಮ್ಮೇಳ, ಅಂದರೆ ಹಾಡುವವರ ಮತ್ತು ವಾದ್ಯದವರ ತಂಡ, ಕಾಯುತ್ತದೆ. ಹಾಡುವ ಭಾಗವತರು ಮುಂದಿನ ಪದ್ಯ ಎತ್ತಿದ ತಕ್ಷಣ ಎಲ್ಲರೂ ಒಟ್ಟಿಗೆ ಏಳುತ್ತಾರೆ.

ವೀಡಿಯೊ ಗೇಮ್ ಸಂಗೀತದ ಕೆಲಸವೂ ಇದೇ. ಆಡುವವನು ಕೋಟೆಯ ಬಾಗಿಲಲ್ಲಿ ಎಷ್ಟು ಹೊತ್ತು ನಿಲ್ಲುತ್ತಾನೆ, ಯಾವಾಗ ಕತ್ತಿ ಎತ್ತುತ್ತಾನೆ ಅಂತ ಸಂಗೀತ ಕಟ್ಟುವವರಿಗೆ ಗೊತ್ತಿಲ್ಲ. ಸಂಗೀತವೇ ಅವನನ್ನು ಹಿಂಬಾಲಿಸಬೇಕು. 1990ರ ದಶಕದ ಶುರುವಿನಲ್ಲಿ ಅಮೆರಿಕದ ಲೂಕಸ್‌ಆರ್ಟ್ಸ್ ಕಂಪನಿಯಲ್ಲಿ ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಇದಕ್ಕಾಗಿ ‘ಐಮ್ಯೂಸ್’ ಅನ್ನುವ ವ್ಯವಸ್ಥೆ ಕಟ್ಟಿದರು. ಗೇಮ್‌ನಲ್ಲಿ ಆಗುವುದಕ್ಕೆ ತಕ್ಕಂತೆ ಹಾಡು ನಡುವೆಯೇ ತಿರುಗುವ ವ್ಯವಸ್ಥೆ ಅದು. ಅದರ ವಿವರ ಓದಿದಾಗ ನನಗೆ ನೆನಪಾದದ್ದು ನಮ್ಮೂರ ರಂಗಸ್ಥಳ.

ಗೆಳೆಯರ ಒಂದು ಸಣ್ಣ ಗೇಮ್‌ಗೆ ನಾನು ಮೊದಲು ಸಂಗೀತ ಮಾಡಿದಾಗ ಇದು ಹೊಳೆದಿರಲಿಲ್ಲ. ಚೆಂಡೆಯ ಸದ್ದು ಸಿಕ್ಕಿತ್ತು, ಅದನ್ನು ಎರಡು ನಿಮಿಷದ ಲೂಪ್, ಅಂದರೆ ಮುಗಿದ ಕೂಡಲೇ ಮತ್ತೆ ಶುರುವಾಗುವ ತುಣುಕು, ಮಾಡಿ ಉದ್ದಕ್ಕೂ ಹಾಕಿದ್ದೆ. ಊರಿನ ಹಿರಿಯ ಮದ್ದಳೆಗಾರರೊಬ್ಬರಿಗೆ ಕೇಳಿಸಿದೆ. ಪೂರ್ತಿ ಕೇಳಿ, "ಬಾರಿಸಿದ್ದು ಸರಿ ಇದೆ ಮಗಾ. ಆದರೆ ಇದು ಯಾರಿಗೆ ಬಾರಿಸುವುದು? ವೇಷ ಎಲ್ಲಿದೆ?" ಅಂದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಕಲಿತದ್ದನ್ನೇ ಕೆಳಗೆ ಬರೆದಿದ್ದೇನೆ.

ಮೊದಲ ಹೆಜ್ಜೆ: ಕಿವಿ ಮತ್ತು ಬಾಯಿ

ಕಂಪ್ಯೂಟರ್ ಆಮೇಲೆ. ಮೊದಲು ಬಾಯಿತಾಳ ಕಲಿಯಿರಿ. ನುಡಿತಗಳನ್ನು, ಅಂದರೆ ವಾದ್ಯದ ಪೆಟ್ಟುಗಳನ್ನು ಸೂಚಿಸುವ ಅಕ್ಷರಗಳನ್ನು, ಬಾಯಲ್ಲಿ ಹೇಳುತ್ತಾ ಕೈಯಲ್ಲಿ ತಾಳ ಹಾಕಬೇಕು. ದಿನಕ್ಕೆ ಅರ್ಧ ಗಂಟೆಯಂತೆ ಎರಡು ವಾರ ಮಾಡಿದರೂ ಕಿವಿ ಬದಲಾಗುತ್ತದೆ. ಗೇಮ್‌ಗೆ ಶುರುವಿನಲ್ಲಿ ನಾಲ್ಕು ತಾಳ ಸಾಕು. ಏಕಕ್ಕೆ 4 ಮಾತ್ರೆ (ತಾಳದ ಎಣಿಕೆ), ರೂಪಕಕ್ಕೆ 6, ತ್ರಿವುಡೆಗೆ 7, ಝಂಪೆಗೆ 10.

ಯಾರು ಏನು ಮಾಡುತ್ತಾರೆ ಅನ್ನುವುದನ್ನೂ ಗಮನಿಸಿ. ತೆಂಕುತಿಟ್ಟಿನಲ್ಲಿ, ಅಂದರೆ ಯಕ್ಷಗಾನದ ನಮ್ಮ ಕಡೆಯ ಶೈಲಿಯಲ್ಲಿ, ಭಾಗವತರ ಕೈಯಲ್ಲಿ ಜಾಗಟೆ ಇರುತ್ತದೆ. ಲಯದ ಲಗಾಮು ಅದೇ. ಮದ್ದಳೆ ಭಾಗವತರ ಶ್ರುತಿಗೆ ಕೂಡಿಕೊಂಡಿರುತ್ತದೆ, ಪದ್ಯದ ಜೊತೆಗೇ ನಡೆಯುತ್ತದೆ. ಲೋಹದ ಜೋಡಿ ತಾಳವಾದ ಚಕ್ರತಾಳ ಅಂಚಿನಲ್ಲಿ ಮಿನುಗುತ್ತಾ ಇರುತ್ತದೆ. ಚೆಂಡೆ ಎಲ್ಲ ಕಡೆ ಇರುವುದಿಲ್ಲ. ವೀರ, ರೌದ್ರ, ಯುದ್ಧ, ಪ್ರವೇಶ ಇಂಥಲ್ಲಿ ಬರುತ್ತದೆ. ಶೃಂಗಾರಕ್ಕೂ ದುಃಖಕ್ಕೂ ಮದ್ದಳೆಯೇ ಸಾಕು. ನಾನು ಮೊದಲ ಸಲ ಎಡವಿದ್ದು ಇಲ್ಲೇ. ಚೆಂಡೆ ಇದ್ದರೆ ಮಾತ್ರ ನಮ್ಮದು ಅನಿಸುತ್ತದೆ ಅಂದುಕೊಂಡಿದ್ದೆ. ಚೆಂಡೆ ಸುಮ್ಮನಿರುವ ಹೊತ್ತು ಜಾಸ್ತಿ ಇದ್ದಾಗಲೇ ಅದು ಎದ್ದಾಗ ಮೈ ಜುಮ್ ಅನ್ನುವುದು, ಅಲ್ವಾ?

ಗೇಮ್ ಅನ್ನು ಪ್ರಸಂಗದ ಹಾಗೆ ಬಿಡಿಸಿಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಗೇಮ್‌ನಲ್ಲಿ ಏನೇನು ನಡೆಯುತ್ತದೆ ಅಂತ ಬರೆಯಿರಿ. ಪಕ್ಕದಲ್ಲಿ ಅದಕ್ಕೆ ಹೊಂದುವ ಯಕ್ಷಗಾನದ ಸಂದರ್ಭ ಬರೆಯಿರಿ. ನಮ್ಮ ಗೇಮ್‌ನಲ್ಲಿ ಒಬ್ಬ ಹುಡುಗಿ ಅಡಿಕೆ ತೋಟದಿಂದ ಹೊರಟು, ದೋಣಿಯಲ್ಲಿ ಚಂದ್ರಗಿರಿ ಹೊಳೆ ದಾಟಿ, ಕೋಟೆ ಸೇರಬೇಕು. ಹಾಳೆಯಲ್ಲಿ ಬಂದದ್ದು ಹೀಗೆ.

ಶುರುವಿನ ಮೆನುವಿಗೆ ‘ಕೇಳಿ’. ಆಟ ಇದೆ ಅಂತ ಊರಿಗೆ ತಿಳಿಸಲು ಬಾರಿಸುವ ಚೆಂಡೆ ಅದು. ದೂರದಿಂದ ಕೇಳುವ ಹಾಗೆ ಮಾಡಿದರೆ ಇನ್ನೂ ಚಂದ. ನಡೆದುಕೊಂಡು ಹೋಗುವ ಭಾಗಕ್ಕೆ ಪ್ರಯಾಣ ಕುಣಿತದ ನಡೆ. ದೊಡ್ಡ ಶತ್ರು ಎದುರು ಬರುವ ಕಡೆ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ತೆರೆ ಕುಣಿತ. ತೆರೆಯ ಹಿಂದೆ ಕಿರೀಟದ ತುದಿ ಮಾತ್ರ ಕಾಣುತ್ತದೆ, ಅಬ್ಬರ ಮೊದಲು ಬರುತ್ತದೆ, ಮುಖ ಆಮೇಲೆ. ಶತ್ರುವನ್ನು ಪೂರ್ತಿ ತೋರಿಸುವ ಮೊದಲು ಅವನ ಸಂಗೀತ ಬರಲಿ ಅಂತ ನಾವು ತೀರ್ಮಾನಿಸಿದ್ದು ಇದನ್ನು ನೋಡಿಯೇ. ಪಾತ್ರಗಳು ಮಾತಾಡುವ ಕಡೆ ಅರ್ಥಗಾರಿಕೆ, ಅಂದರೆ ಬರೀ ಶ್ರುತಿ. ಗೆದ್ದಾಗ ಮುಕ್ತಾಯ. ಕೊನೆಯಲ್ಲಿ ಮಂಗಳದ ಶಾಂತಿ.

ಈ ಹಾಳೆ ಇಲ್ಲದೆ ಮುಂದೆ ಹೋಗಬೇಡಿ. ಯಾವ ಸಂದರ್ಭಕ್ಕೆ ಯಾವ ವಾದ್ಯ *ಬೇಡ* ಅನ್ನುವುದನ್ನೂ ಇದರಲ್ಲೇ ಬರೆದಿಡಿ.

ಮುಟ್ಟಬಾರದ್ದು ಯಾವುದು

ಕಾಸರಗೋಡಿನಲ್ಲಿ ಕೂತು ಜನಪದ ಸಂಗೀತ ಅಂದರೆ ದೈವದ ಕೋಲ, ತೆಯ್ಯಂ, ಪಾಡ್ದನ ಎಲ್ಲ ನೆನಪಾಗುತ್ತದೆ. ಸದ್ದು ಅದ್ಭುತ, ನಿಜ. ಆದರೆ ಒಂದು ದೈವದ ಪಾಡ್ದನವೋ ತೋಟ್ಟಂ ಹಾಡೋ ಆ ದೈವವನ್ನು ಕರೆಯುವ ಮಾತು. ಅದನ್ನು ಲೂಪ್ ಮಾಡಿ ಓಡುವ ಭಾಗದ ಹಿಂದೆ ಹಾಕುವುದು ನನ್ನ ಮಟ್ಟಿಗೆ ತಪ್ಪು. ತೆಯ್ಯಂ ನಡೆಯುವ ಕಳಿಯಾಟ ಉತ್ಸವದಲ್ಲಿ ಫೋನ್ ಹಿಡಿದು ರೆಕಾರ್ಡ್ ಮಾಡಿ ತಂದು ಬಳಸುವುದೂ ತಪ್ಪು. ನಾಣ್ಯ ಸಿಕ್ಕಾಗ, ದೈವ ಕಟ್ಟುವವರು ಕಾಲಿಗೆ ಹಾಕುವ ಗಗ್ಗರದ ಸದ್ದು ಇಡೋಣ ಅಂತ ನಮ್ಮ ತಂಡದಲ್ಲಿ ಒಬ್ಬರು ಹೇಳಿದ್ದರು. ಗಗ್ಗರ ಕಟ್ಟುವುದು ಅಂದರೆ ಏನು ಅಂತ ಕೂತು ಮಾತಾಡಿದ ಮೇಲೆ ಅವರೇ ಬೇಡ ಅಂದರು. ಯಕ್ಷಗಾನದ ಗೆಜ್ಜೆ ಬಳಸಿದೆವು.

ಕೊರಗರ ಡೋಲಿನ ವಿಷಯ ಬೇರೆಯೇ. ಆ ಸಮುದಾಯದವರಿಂದ ಒತ್ತಾಯದಿಂದ ಡೋಲು ಬಾರಿಸಿಸಿದ ಕಾಲ ಇತ್ತು. ಇಂಥ ಶೋಷಣೆಯ ಅಜಲು ಪದ್ಧತಿಯನ್ನು ನಿಷೇಧಿಸಿ ಕರ್ನಾಟಕ 2000ದಲ್ಲಿ ಕಾನೂನನ್ನೇ ತಂದಿತು. ಹಾಗಾಗಿ "ಬನ್ನಿ, ಸ್ವಲ್ಪ ಡೋಲು ಬಾರಿಸಿ" ಅಂತ ಕರೆಯುವ ಮೊದಲು ಯೋಚಿಸಬೇಕು. ಅವರೇ ಇಷ್ಟಪಟ್ಟು, ಕಲಾವಿದರಾಗಿ, ಸರಿಯಾದ ಸಂಭಾವನೆ ಪಡೆದು ಬಾರಿಸುವುದಾದರೆ ಅದು ಬೇರೆ ಮಾತು.

ಹಾಗಾದರೆ ಯಾವುದನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು? ಆಟದ ಹಿಮ್ಮೇಳ, ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗಿನ ‘ಓ ಬೇಲೆ’ಯಂಥ ಹಾಡುಗಳ ಧಾಟಿ, ಮಕ್ಕಳ ಆಟದ ಪದ. ಒಬ್ಬರು ಎತ್ತಿ ಕೊಡುವುದು, ಉಳಿದವರು ಒಟ್ಟಾಗಿ ಹಿಡಿಯುವುದು, ಇದು ಕೆಲಸದ ಹಾಡಿನ ರೀತಿ. ನಡೆದು ಹೋಗುವ ಭಾಗಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಸಿಕ್ಕಿಲ್ಲ. ಕೊಳಲು ಎತ್ತಲಿ, ಉಳಿದ ವಾದ್ಯಗಳು ಹಿಡಿಯಲಿ.

ಕಲಾವಿದರ ಜೊತೆ ಮಾತು

ಮೇಳಗಳ ತಿರುಗಾಟ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ಹೊತ್ತಿಗೆ, ಮುಗಿಯುತ್ತದೆ. ಆಮೇಲೆ ಹಿಮ್ಮೇಳದವರಿಗೆ ಹಗಲಿನಲ್ಲಿ ಸ್ವಲ್ಪ ಬಿಡುವು ಸಿಗುತ್ತದೆ. ಆದರೆ ಹೊರಗೆ ಮಳೆ ಜೋರು. ಹಂಚಿನ ಮಾಡಿನ ಮೇಲೆ ಮಳೆ ಬಿದ್ದರೆ ರೆಕಾರ್ಡಿಂಗ್ ಆಗುವುದಿಲ್ಲ, ಚರ್ಮವೂ ತೇವಕ್ಕೆ ಸಡಿಲವಾಗುತ್ತದೆ. ಹಾಗಾಗಿ ಮಾತುಕತೆ ಮತ್ತು ಅಭ್ಯಾಸ ಮಳೆಗಾಲದಲ್ಲಿ ಮುಗಿಸಿ, ರೆಕಾರ್ಡಿಂಗ್ ಮಳೆ ಬಿಟ್ಟ ಮೇಲೆ, ತಿರುಗಾಟ ಶುರುವಾಗುವ ಮೊದಲು ಇಟ್ಟುಕೊಳ್ಳಿ.

ಹಣದ ಮಾತು ಮೊದಲ ದಿನವೇ ಆಗಲಿ, ಬರವಣಿಗೆಯಲ್ಲೇ ಇರಲಿ. ಯಾವ ಗೇಮ್‌ಗೆ, ಮುಂದೆ ಬೇರೆ ಗೇಮ್‌ಗೆ ಬಳಸಬಹುದೋ ಇಲ್ಲವೋ, ಹೆಸರು ಹೇಗೆ ಬರಬೇಕು, ಎಲ್ಲ ಬರೆಯಿರಿ. ನುಡಿತ ಪರಂಪರೆಯದ್ದು, ಅದಕ್ಕೆ ಒಡೆಯರಿಲ್ಲ. ಆದರೆ ಬಾರಿಸಿದವರಿಗೆ ಹಕ್ಕಿದೆ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಪ್ರದರ್ಶಕರ ಹಕ್ಕು 50 ವರ್ಷ, ಧ್ವನಿಮುದ್ರಿಕೆಯ ಹಕ್ಕು 60 ವರ್ಷ. ಯೂಟ್ಯೂಬ್‌ನಲ್ಲಿರುವ ಆಟದಿಂದ ಚೆಂಡೆಯ ತುಂಡು ಕತ್ತರಿಸಿ ಹಾಕುವುದು ಇದೇ ಕಾರಣಕ್ಕೆ ಸರಿಯಲ್ಲ. ಹಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಕಾಲದ ಪದ್ಯಗಳಿಗೆ ಯಾರ ಅನುಮತಿಯೂ ಬೇಕಿಲ್ಲ, ಅದನ್ನು ಈಗ ಹಾಡಿದ ಭಾಗವತರ ಅನುಮತಿ ಬೇಕೇ ಬೇಕು.

ಐದು ಸೆಕೆಂಡಿನ ಲೆಕ್ಕ

ಇದು ನನಗೆ ತುಂಬ ಉಪಯೋಗಕ್ಕೆ ಬಂದ ಭಾಗ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಆವರ್ತನದ, ಅಂದರೆ ತಾಳದ ಒಂದು ಪೂರ್ತಿ ಸುತ್ತಿನ, ಉದ್ದ ಸೆಕೆಂಡಿನಲ್ಲಿ ಎಷ್ಟು ಅಂತ ಕಂಡುಹಿಡಿಯುವುದು ಸುಲಭ. ಮಾತ್ರೆಯ ಸಂಖ್ಯೆಯನ್ನು 60ರಿಂದ ಗುಣಿಸಿ, ನಿಮಿಷಕ್ಕೆ ಎಷ್ಟು ಮಾತ್ರೆ ಅನ್ನುವ ವೇಗದಿಂದ ಭಾಗಿಸಿ. ತ್ರಿವುಡೆಯ 7 ಮಾತ್ರೆ, ವೇಗ 84 ಇಟ್ಟರೆ ಸರಿಯಾಗಿ 5 ಸೆಕೆಂಡು. ಝಂಪೆಯ 10 ಮಾತ್ರೆ, ವೇಗ 120 ಇಟ್ಟರೆ ಅದೂ 5. ರೂಪಕದ 6 ಮಾತ್ರೆಗೆ ವೇಗ 72, ಆಗಲೂ 5. ಏಕದ 4 ಮಾತ್ರೆಗೆ ವೇಗ 96 ಇಟ್ಟರೆ ಎರಡೂವರೆ, ಅಂದರೆ ಎರಡು ಆವರ್ತನಕ್ಕೆ 5.

ಇದರಿಂದ ಏನು ಲಾಭ? ನಾಲ್ಕೂ ತಾಳಗಳು ಐದೈದು ಸೆಕೆಂಡಿಗೆ ಒಂದೇ ಜಾಗದಲ್ಲಿ ಬಂದು ಸೇರುತ್ತವೆ. ಹುಡುಗಿ ತೋಟದಲ್ಲಿ ನಡೆಯುವಾಗ ಏಕ, ದೋಣಿಯಲ್ಲಿ ರೂಪಕ, ಕೋಟೆಯೊಳಗೆ ತ್ರಿವುಡೆ, ಕಾದಾಟಕ್ಕೆ ಝಂಪೆ. ಎಲ್ಲಿಂದ ಎಲ್ಲಿಗೆ ಹೋದರೂ ತಾಳ ಮುರಿಯದೆ ದಾಟಬಹುದು. 8 ಆವರ್ತನದ ತ್ರಿವುಡೆ ಲೂಪ್ ಸರಿಯಾಗಿ 40 ಸೆಕೆಂಡು. ಕಡತದ ಉದ್ದ ಪೂರ್ಣ ಸಂಖ್ಯೆಯಲ್ಲಿ ಬರುವುದರಿಂದ ಲೂಪ್ ಕತ್ತರಿಸುವಾಗ ತಲೆನೋವಿಲ್ಲ.

ಆಟದಲ್ಲಿ ಲಯ ಹೀಗೆ ಗಡಿಯಾರದ ಹಾಗೆ ನಿಲ್ಲುವುದಿಲ್ಲ, ಏರುತ್ತಾ ಹೋಗುತ್ತದೆ. ಆ ಏರಿಕೆ ಬೇಕಾದ ಕಡೆ ಒಂದೇ ತಾಳವನ್ನು ಎರಡು ಮೂರು ವೇಗದಲ್ಲಿ ಬೇರೆ ಬೇರೆ ರೆಕಾರ್ಡ್ ಮಾಡಿಕೊಳ್ಳಿ. ನಿಧಾನದ್ದನ್ನು ಕಂಪ್ಯೂಟರ್‌ನಲ್ಲಿ ಕುಗ್ಗಿಸಿ ವೇಗ ಮಾಡಿದರೆ ಚೆಂಡೆಯ ಪೆಟ್ಟಿನ ತುದಿ ಮೊಂಡಾಗುತ್ತದೆ.

ಶ್ರುತಿ ಮತ್ತು ಸ್ವರ

ಭಾಗವತರನ್ನು ಕೇಳಿದರೆ ಶ್ರುತಿ ‘ಕಪ್ಪು ಎರಡು’, ‘ಬಿಳಿ ಐದು’ ಅಂತ ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಹೇಳುತ್ತಾರೆ. ಕಪ್ಪು ಎರಡು ಅಂದರೆ ಕೀಬೋರ್ಡಿನ ಡಿ ಶಾರ್ಪ್. ಇಡೀ ಗೇಮ್‌ಗೆ ಒಂದೇ ಶ್ರುತಿ ಇಡಿ. ಮದ್ದಳೆ ಅದಕ್ಕೇ ಕೂಡಿರಲಿ. ಶ್ರುತಿ ಬದಲಾದರೆ ಒಂದು ಭಾಗದಿಂದ ಇನ್ನೊಂದಕ್ಕೆ ದಾಟುವಾಗ ಕಿವಿಗೆ ಚುಚ್ಚುತ್ತದೆ.

ರಾಗದ ಬಗ್ಗೆ ಒಂದೇ ಮಾತು. ಶುರುವಿಗೆ ಮೋಹನ ಒಳ್ಳೆಯದು. ಐದೇ ಸ್ವರ, ಸ ರಿ ಗ ಪ ದ. ಪದರದ ಮೇಲೆ ಪದರ ಹಾಕಿದರೂ ಕಚ್ಚಾಡುವುದು ಕಡಿಮೆ. ಕೆಳಗೆ ಪಾಶ್ಚಾತ್ಯ ಕಾರ್ಡ್‌ಗಳನ್ನು ತುಂಬಬೇಡಿ. ಷಡ್ಜ ಮತ್ತು ಪಂಚಮ ಸಾಕು. ಕಾರ್ಡ್ ಬದಲಾದ ಹಾಗೆಲ್ಲ ಹಾಡು ಸಿನಿಮಾ ಕಡೆಗೆ ಜಾರುತ್ತದೆ, ರಂಗಸ್ಥಳ ಮಾಯವಾಗುತ್ತದೆ. ಕೊಳಲಿನ ಸ್ವರ ಸ್ವಲ್ಪ ಆಚೀಚೆ ಬಂದರೆ ಸಾಫ್ಟ್‌ವೇರ್‌ನಲ್ಲಿ ‘ಸರಿ’ ಮಾಡಲು ಹೋಗಬೇಡಿ. ಸ್ವರದಿಂದ ಸ್ವರಕ್ಕೆ ಜಾರುವ ಆ ದಾರಿಯಲ್ಲೇ ನಮ್ಮ ಧಾಟಿ ಇರುವುದು.

ರೆಕಾರ್ಡಿಂಗ್

ಸ್ಟುಡಿಯೋ ಇಲ್ಲದಿದ್ದರೂ ಆಗುತ್ತದೆ. ಖಾಲಿ ಕಾಂಕ್ರೀಟ್ ಹಾಲ್ ಮಾತ್ರ ಬೇಡ, ಚೆಂಡೆ ಗೋಡೆಗೆ ಬಡಿದು ವಾಪಸ್ ಬಂದು ಎಲ್ಲ ಕಲಸಿಹೋಗುತ್ತದೆ. ಅಡಿಕೆ ಒಣಹಾಕುವ ತೆರೆದ ಅಂಗಳ ಚೆಂಡೆಗೆ ಒಳ್ಳೆಯದು. ಬೆಳಗ್ಗೆ ಹತ್ತರ ಹೊತ್ತಿಗೆ ಮಾಡಿ, ಸಂಜೆಯಾದರೆ ಜೀರುಂಡೆ ಬಿಡುವುದಿಲ್ಲ. ಮದ್ದಳೆಯನ್ನು ಒಳಗೆ, ಚಾಪೆ, ಹಾಸಿಗೆ, ಬಟ್ಟೆ ಇರುವ ಕೋಣೆಯಲ್ಲಿ ಮಾಡಿ.

ಸಾಧನ: ಕೈಯಲ್ಲಿ ಹಿಡಿಯುವ ಒಂದು ಸ್ಟೀರಿಯೊ ರೆಕಾರ್ಡರ್ ಸಾಕು. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಕಡತ. ಚೆಂಡೆಯಿಂದ ಎರಡು ಮೀಟರ್ ದೂರ ಇಡಿ. ಕಲಾವಿದರಿಗೆ ಅತಿ ಜೋರಾಗಿ ಬಾರಿಸಲು ಹೇಳಿ, ಆಗಲೂ ಮೀಟರ್ ಮೈನಸ್ 12 ಡೆಸಿಬೆಲ್ ದಾಟದ ಹಾಗೆ ಮಟ್ಟ ಇಳಿಸಿ. ಅಭ್ಯಾಸದಲ್ಲಿ ಬಾರಿಸುವುದಕ್ಕಿಂತ ನಿಜ ರೆಕಾರ್ಡಿಂಗ್‌ನಲ್ಲಿ ಎಲ್ಲರೂ ಜೋರಾಗಿಯೇ ಬಾರಿಸುತ್ತಾರೆ.

ವೇಗ ಕಾಯುವುದಕ್ಕೆ ಕ್ಲಿಕ್, ಅಂದರೆ ಒಂದೇ ಸಮನೆ ಬರುವ ಟಿಕ್ ಟಿಕ್ ಸದ್ದು, ಬೇಕು. ಚೆಂಡೆಯವರಿಗೆ ಹೆಡ್‌ಫೋನ್ ಹಾಕಿ ಕ್ಲಿಕ್ ಕೊಟ್ಟೆ. ಅವರಿಗೆ ಕೇಳಲೇ ಇಲ್ಲ, ಚೆಂಡೆಯ ಸದ್ದು ಅಷ್ಟು. ಜೋರು ಮಾಡಿದರೆ ಕಿವಿಗೆ ನೋವು. ಕೊನೆಗೆ ಅವರೇ ದಾರಿ ಹೇಳಿದರು. "ಹೆಡ್‌ಫೋನ್ ಚಕ್ರತಾಳದವನಿಗೆ ಕೊಡಿ. ನಾನು ಅವನನ್ನು ನೋಡಿಕೊಂಡು ಬಾರಿಸುತ್ತೇನೆ." ಟಿಕ್ ಟಿಕ್ ಸದ್ದಿನ ಬದಲು ಜಾಗಟೆಯ ಸದ್ದನ್ನೇ ಕ್ಲಿಕ್ ಮಾಡಿಕೊಟ್ಟೆ. ಮೂರನೇ ಸಲಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಬಂತು. ಮೊದಲು ಚಕ್ರತಾಳ ಮತ್ತು ಮದ್ದಳೆ ಮುಗಿಸಿ, ಚೆಂಡೆಯನ್ನು ಬೇರೆಯಾಗಿ ಮಾಡುವುದೂ ಒಂದು ರೀತಿ. ಪದರಗಳು ಬೇರೆ ಬೇರೆ ಬೇಕಾದ ಕಾರಣ ನಾನು ಈಗ ಹೀಗೇ ಮಾಡುವುದು.

ಬಿಡಿ ಪೆಟ್ಟುಗಳನ್ನೂ ತೆಗೆದುಕೊಳ್ಳಿ. ಚೆಂಡೆಯ ನಡುವೆ, ಅಂಚು, ಎರಡೂ ಕೋಲು ಒಟ್ಟಿಗೆ, ಮತ್ತೆ ಉರುಳಿಕೆ, ಅಂದರೆ ಬಿಡದೆ ಬೇಗ ಬೇಗ ಬೀಳುವ ಪೆಟ್ಟುಗಳು. ಬಿಡಿ ಪೆಟ್ಟು ಒಂದೊಂದನ್ನೂ ನಾಲ್ಕು ಬಲದಲ್ಲಿ, ಪ್ರತಿ ಬಲಕ್ಕೆ ಐದು ಸಲ. ಒಂದು ಪೆಟ್ಟಿಗೆ 20 ತುಣುಕು ಆಯಿತು. ಜಾಸ್ತಿ ಅನಿಸಬಹುದು. ಆದರೆ ಒಂದೇ ತುಣುಕು ಮತ್ತೆ ಮತ್ತೆ ಬಂದರೆ ಯಂತ್ರದ ಸದ್ದು ಅಂತ ಕಿವಿ ಕೂಡಲೇ ಹಿಡಿಯುತ್ತದೆ. ಡೀಸೆಂಟ್ ಸ್ಯಾಂಪ್ಲರ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಇವನ್ನು ಜೋಡಿಸಿ ಕೀಬೋರ್ಡಿನಿಂದ ಬಾರಿಸಬಹುದು. ಸಣ್ಣ ತುಂಬು ಪೆಟ್ಟುಗಳಿಗೆ ಮಾತ್ರ ಇದನ್ನು ಬಳಸಿ. ಮುಖ್ಯ ನಡೆ ಕಲಾವಿದರ ಕೈಯದ್ದೇ ಇರಲಿ.

ಲೂಪ್ ಕತ್ತರಿಸುವುದು

ಚಕ್ರತಾಳದ ಝೇಂಕಾರ ಲೂಪ್‌ನ ಕೊನೆಯಲ್ಲಿ ಕತ್ತರಿಸಿ ಹೋಗುತ್ತದೆ, ಮತ್ತೆ ಶುರುವಾಗುವಾಗ ಬೋಳು ಬೋಳು. ಪರಿಹಾರ ಸರಳ. ಅದೇ ಭಾಗವನ್ನು ಬೆನ್ನಿಗೆ ಬೆನ್ನು ಎರಡು ಸಲ ಇಟ್ಟು, ಎರಡನೆಯದನ್ನು ಮಾತ್ರ ಹೊರತೆಗೆಯಿರಿ. ಮೊದಲನೆಯದರ ಬಾಲ ಎರಡನೆಯದರ ತಲೆಯಲ್ಲಿ ಬಂದು ಕೂತಿರುತ್ತದೆ. ಕಡತವನ್ನು ಓಜಿಜಿ ರೂಪದಲ್ಲಿ ಉಳಿಸಿ. ಎಂಪಿ3 ಬೇಡ, ಅದು ಕಡತದ ತುದಿಗಳಲ್ಲಿ ಚೂರು ಮೌನ ಸೇರಿಸುತ್ತದೆ, ಲೂಪ್ ಅಲ್ಲಿ ಎಡವುತ್ತದೆ.

ಗೇಮ್ ಎಂಜಿನ್‌ನಲ್ಲಿ ಹಿಮ್ಮೇಳ ಕೂರಿಸುವುದು

ನಾನು ಗೊಡೊ ಅನ್ನುವ, ಗೇಮ್ ಕಟ್ಟುವ ಸಾಫ್ಟ್‌ವೇರ್ ಬಳಸುತ್ತೇನೆ, ಉಚಿತ. 2024ರಲ್ಲಿ ಬಂದ 4.3ನೇ ಆವೃತ್ತಿಯಿಂದ ಇದಕ್ಕೆ ಬೇಕಾದದ್ದು ಒಳಗೇ ಇದೆ. ಎಫ್‌ಮಾಡ್, ವೈಸ್‌ನಂಥ ಗೇಮ್ ಸದ್ದಿನ ಸಾಫ್ಟ್‌ವೇರ್ ಬಳಸುವವರಿಗೂ ವಿಚಾರ ಇದೇ.

ಮೊದಲು ಓಜಿಜಿ ಕಡತವನ್ನು ಆಮದು ಮಾಡುವಾಗ ವೇಗ, ಒಟ್ಟು ಮಾತ್ರೆ, ಆವರ್ತನದ ಮಾತ್ರೆ ತುಂಬಿ. 8 ಆವರ್ತನದ ತ್ರಿವುಡೆಗೆ 84, 56, 7. ಅಷ್ಟೇ ಉದ್ದದ ಝಂಪೆಗೆ 120, 80, 10. ಇಲ್ಲಿ ತಪ್ಪಿದರೆ ಮುಂದೆ ಏನು ಮಾಡಿದರೂ ತಾಳ ಕೂಡುವುದಿಲ್ಲ.

ಪದರಗಳಿಗೆ ‘ಆಡಿಯೋಸ್ಟ್ರೀಮ್‌ಸಿಂಕ್ರನೈಸ್ಡ್’. ಶ್ರುತಿ, ಮದ್ದಳೆ, ಚಕ್ರತಾಳ, ಚೆಂಡೆ, ನಾಲ್ಕೂ ಒಟ್ಟಿಗೇ ಓಡುತ್ತಾ ಇರುತ್ತವೆ, ವಾಲ್ಯೂಮ್ ಮಾತ್ರ ಏರಿಳಿಯುತ್ತದೆ. ಕೋಡ್‌ನಲ್ಲಿ ‘ಅಪಾಯ’ ಅಂತ 0ಯಿಂದ 100ರ ಒಂದು ಅಳತೆ ಇಟ್ಟುಕೊಂಡೆ. ಶೂನ್ಯದಲ್ಲಿ ಬರೀ ಶ್ರುತಿ. 30 ದಾಟಿದರೆ ಮದ್ದಳೆ, 60ಕ್ಕೆ ಚಕ್ರತಾಳ, 85ಕ್ಕೆ ಚೆಂಡೆ. ಆಡುವವನು ಶತ್ರುವಿನ ಹತ್ತಿರ ಹೋದ ಹಾಗೆ ಹಿಮ್ಮೇಳ ಒಬ್ಬೊಬ್ಬರಾಗಿ ಎದ್ದು ಕೂತ ಹಾಗೆ ಕೇಳುತ್ತದೆ.

ಒಂದು ತಾಳದಿಂದ ಇನ್ನೊಂದಕ್ಕೆ ದಾಟಲು ‘ಆಡಿಯೋಸ್ಟ್ರೀಮ್‌ಇಂಟರಾಕ್ಟಿವ್’. ಯಾವ ಭಾಗದಿಂದ ಯಾವ ಭಾಗಕ್ಕೆ ಹೇಗೆ ಹೋಗಬೇಕು ಅನ್ನುವ ಕೋಷ್ಟಕ ಇದರಲ್ಲಿದೆ. ಕೂಡಲೇ, ಮುಂದಿನ ಮಾತ್ರೆಗೆ, ಮುಂದಿನ ಆವರ್ತನಕ್ಕೆ, ಭಾಗ ಮುಗಿದ ಮೇಲೆ, ಹೀಗೆ ಆಯ್ಕೆ ಇದೆ. ನನಗೆ ಖುಷಿಯಾದದ್ದು ಇನ್ನೊಂದು ಸೌಲಭ್ಯ ನೋಡಿ. ಎರಡು ಭಾಗಗಳ ನಡುವೆ ತುಂಬಲು ಬೇರೆಯೇ ಒಂದು ತುಣುಕು ಇಡಬಹುದು. ಅದು ನಮ್ಮ ಮುಕ್ತಾಯದ ಜಾಗವೇ! ಪ್ರತಿ ತಾಳಕ್ಕೂ ಒಂದು ಮುಕ್ತಾಯ ರೆಕಾರ್ಡ್ ಮಾಡಿಸಿ ಅಲ್ಲಿ ಕೂರಿಸಿ.

ಒಂದು ಎಚ್ಚರ. ಶತ್ರು ಮರದ ಹಿಂದಿನಿಂದ ಹಾರಿದಾಗ ಐದು ಸೆಕೆಂಡು ಕಾದು ಚೆಂಡೆ ಬಂದರೆ ಏನೂ ಪ್ರಯೋಜನ ಇಲ್ಲ. ಅಪಾಯದ ಕಡೆಗೆ ಹೋಗುವಾಗ ಮುಂದಿನ ಮಾತ್ರೆಗೇ ದಾಟಲಿ, ನಡುವೆ ಒಂದು ಚಿಕ್ಕ ಉರುಳಿಕೆ ಸಾಕು. ತ್ರಿವುಡೆಯ ಆ ವೇಗದಲ್ಲಿ ಒಂದು ಮಾತ್ರೆ ಅಂದರೆ ಮುಕ್ಕಾಲು ಸೆಕೆಂಡಿಗೂ ಕಡಿಮೆ. ಶಾಂತಿಯ ಕಡೆಗೆ ಬರುವಾಗ ಆವರ್ತನ ಮುಗಿಯಲಿ, ಪೂರ್ತಿ ಮುಕ್ತಾಯ ಬೀಳಲಿ. ಗೆದ್ದವರಿಗೆ ಆ ಐದು ಸೆಕೆಂಡು ಬೇಕು.

ಮಿಕ್ಸಿಂಗ್, ಚಿಕ್ಕದಾಗಿ

ನಮ್ಮವರು ಜಾಸ್ತಿ ಆಡುವುದು ಫೋನ್‌ನಲ್ಲಿ. ಫೋನಿನ ಸ್ಪೀಕರ್‌ನಲ್ಲಿ ಮದ್ದಳೆಯ ಎಡದ ತಗ್ಗಿನ ಸದ್ದು ಹೆಚ್ಚುಕಡಿಮೆ ಕೇಳುವುದೇ ಇಲ್ಲ. ಹಾಗಾಗಿ ಬಲದ ಪೆಟ್ಟಿನಲ್ಲೇ ನಡೆ ಗೊತ್ತಾಗುವ ಹಾಗೆ ನೋಡಿಕೊಳ್ಳಿ. ಚೆಂಡೆಯ 2ರಿಂದ 4 ಕಿಲೋಹರ್ಟ್ಸ್ ಭಾಗವನ್ನು ಸ್ವಲ್ಪ ತಗ್ಗಿಸಿ, ಮಾತು ಸ್ಪಷ್ಟವಾಗುವ ಜಾಗ ಅದು. ಪಾತ್ರ ಮಾತಾಡುವಾಗ ಸಂಗೀತ ತಾನಾಗಿ ಇಳಿಯಬೇಕು. ಒಟ್ಟು ಗಟ್ಟಿತನ ಫೋನ್‌ಗೆ ಮೈನಸ್ 18 ಎಲ್‌ಯುಎಫ್‌ಎಸ್ (ಗಟ್ಟಿತನ ಅಳೆಯುವ ಮಾನ) ಆಸುಪಾಸು ಇಟ್ಟರೆ ಸಾಕು.

ಪರೀಕ್ಷೆ

ಹತ್ತು ವರ್ಷದ ಮಗುವಿಗೆ ಆಡಲು ಕೊಟ್ಟು, ನೀವು ಪರದೆಗೆ ಬೆನ್ನು ಹಾಕಿ ಕೂರಿ. ಸದ್ದಿನಿಂದಲೇ ಈಗ ತೋಟವೋ, ಹೊಳೆಯೋ, ಕಾದಾಟವೋ ಗೊತ್ತಾಗಬೇಕು. ಬೇಕಂತಲೇ ಒಂದೇ ಜಾಗದಲ್ಲಿ ಅರ್ಧ ಗಂಟೆ ನಿಲ್ಲಿಸಿ. ಬೇಸರ ಬಂದರೆ ಅಲ್ಲಿ ಪದರ ಜಾಸ್ತಿಯಾಗಿದೆ ಅಂತ ಅರ್ಥ, ತೆಗೆಯಿರಿ.

ಆಮೇಲೆ ಬಾರಿಸಿದವರ ಮನೆಗೆ ಫೋನ್ ತೆಗೆದುಕೊಂಡು ಹೋಗಿ. ನಾನು ಹೋದದ್ದು ಅದೇ ಹಿರಿಯ ಮದ್ದಳೆಗಾರರ ಮನೆಗೆ. ಅವರ ಮೊಮ್ಮಗ ಜಗಲಿಯಲ್ಲಿ ಕೂತು ಆಡುತ್ತಿದ್ದ, ಅವರು ಕಣ್ಣು ಮುಚ್ಚಿ ಮೊಣಕಾಲಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದರು. ನಾನು ಅವರ ಬೆರಳನ್ನೇ ನೋಡುತ್ತಿದ್ದೆ. ತೋಟ, ಹೊಳೆ, ಎಲ್ಲ ದಾಟಿತು. ಕೋಟೆಯ ಬಾಗಿಲಲ್ಲಿ ರೂಪಕದಿಂದ ತ್ರಿವುಡೆಗೆ ಹೋಗುವಾಗ ಬೆರಳು ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ಮನೆಗೆ ಬಂದು ನೋಡಿದರೆ ಆ ಮುಕ್ತಾಯದ ಕಡತದಲ್ಲಿ ಆವರ್ತನದ ಮಾತ್ರೆ 6ರ ಬದಲು 7 ಅಂತ ತುಂಬಿತ್ತು. ಸರಿ ಮಾಡಿ ಮರುದಿನ ಮತ್ತೆ ಹೋದೆ. ಮೊಮ್ಮಗ ಬಾಗಿಲು ದಾಟಿದ, ಬೆರಳು ನಿಲ್ಲಲಿಲ್ಲ. "ಹಾಂ, ಈಗ ವೇಷ ಕಾಣುತ್ತದೆ" ಅಂದರು.